ಬಾಯಿ ಮುಕ್ಕಳಿಸುವ ಸಾಲು

ಹೋದ ತಿಂಗಳು ರಾಯಚೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ನಾನು ಶಾಲೆಯಲ್ಲಿ ಕಲಿಸಿದ ಹುಡುಗಿಯೊಬ್ಬಳ ಮಗಳ ಮದುವೆ. ಕರೆಯೋಲೆಯಲ್ಲಿದ್ದ ವಿಳಾಸ ಓದಿದಾಗ ಏನೂ ಹೊಳೆದಿರಲಿಲ್ಲ. ಆಟೋ ಇಳಿದು, ಕಲ್ಯಾಣಮಂಟಪದ ಹಿಂದೆ ಅರ್ಧಕ್ಕೆ ಮುರಿದು ನಿಂತ ಹಳೆಯ ಚಿಮಣಿಯನ್ನು ಕಂಡಾಗ ಗುರುತು ಸಿಕ್ಕಿತು. ಇಪ್ಪತ್ತರ ವಯಸ್ಸಿನಲ್ಲಿ ನಾನು ಒಂದು ಸುಗ್ಗಿ ಪೂರ್ತಿ ದುಡಿದ ಶೇಂಗಾ ಮಿಲ್ಲಿನ ಜಾಗ ಅದು. ಮಿಲ್ಲು ಹೋಗಿ, ಗೋದಾಮು ಹೋಗಿ, ಈಗ ಅಲ್ಲಿ ಗಾಜಿನ ಕಿಟಕಿಗಳ ಮಂಟಪ ಎದ್ದಿತ್ತು.

ಅಕ್ಷತೆ ಹಾಕಿದೆ, ಹುಗ್ಗಿ ಉಂಡೆ. ಕೈ ತೊಳೆಯಲು ಹೋದರೆ ನಲ್ಲಿಗಳ ಮುಂದೆ ಹೆಂಗಸರ ಸಾಲು. ನನ್ನ ಮುಂದಿದ್ದಾಕೆ ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ ಉಗುಳಿದಳು. ಅವಳು ಉಗುಳಿದ ನೀರನ್ನು ನಾನು ಹಿಂದಿನಿಂದ ಇಣುಕಿ ನೋಡಿದೆ. ಎಂಜಲು ಕೈಯಲ್ಲೇ ಹೊರಗೆ ಬಂದು, ಸೆರಗಿಗೆ ಒರೆಸಿಕೊಂಡು, ಸಿಕ್ಕ ಆಟೋ ಹತ್ತಿದೆ. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಬರೆದರೆ ಸ್ವಲ್ಪ ಹಗುರಾದೀತೇನೋ ಎಂದು ಬರೆಯುತ್ತಿದ್ದೇನೆ. ಆಗದಿದ್ದರೂ ನಷ್ಟವೇನಿಲ್ಲ, ನಿವೃತ್ತ ಟೀಚರಿಗೆ ಹೊತ್ತೇ ಹೊತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾನ್ವಿ ತಾಲ್ಲೂಕಿನ ಮಲ್ಲಟ ನನ್ನೂರು. ಅಪ್ಪ ಅವ್ವ ಇಬ್ಬರೂ ಕೂಲಿ. ಅಪ್ಪ ಎಲ್ಲಿಂದಲೋ ಬುದ್ಧನ ಪಟ ತಂದು ಗೋಡೆಗೆ ಹಾಕಿದ ವರ್ಷವೇ ನನ್ನನ್ನು ಮಾನ್ವಿಯ ಹೈಸ್ಕೂಲಿಗೆ ಸೇರಿಸಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ ಎಲ್ಲರ ಕಾಗದ ಓದುವುದು, ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ರಾಯಚೂರಿನ ಶೇಂಗಾ ಮಿಲ್ಲೊಂದಕ್ಕೆ ಓದುಬರಹ ಬಲ್ಲ ಹೆಣ್ಣುಮಗಳು ಬೇಕಂತೆ ಎಂದು ಸಿರವಾರದ ಸಂತೆಯಲ್ಲಿ ಅಪ್ಪನಿಗೆ ಯಾರೋ ಹೇಳಿದರು. ಮರುದಿನವೇ ಅಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಬಂದ. ರಾಯಚೂರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದೆ.

ಆ ಮಿಲ್ಲು ಮೊದಲು ಒಬ್ಬ ಸೇಠಜಿಯದಾಗಿತ್ತು. ನಾನು ಬರುವುದಕ್ಕೆ ಕೆಲವೇ ತಿಂಗಳ ಹಿಂದೆ ಮುಂಬಯಿಯ ಕಂಪನಿಯೊಂದು ಅದನ್ನು ಕೊಂಡಿತ್ತು. ಕಂಪನಿಗೆ ತನ್ನದೇ ಕಾಯಿದೆಯ ಪುಸ್ತಕವಿತ್ತು. ದುಡಿಯುವವರನ್ನು ಹೇಗೆ ನಡೆಸಿಕೊಳ್ಳಬೇಕು, ಏನು ಕೊಡಬೇಕು, ಏನು ಮಾಡಕೂಡದು ಎಂದೆಲ್ಲ ಅದರಲ್ಲಿ ಅಚ್ಚಾಗಿತ್ತು. ಅದರ ಹಿಂದಿ ಪ್ರತಿಯನ್ನು, ಮಿಲ್ಲಿನ ಲೆಕ್ಕಪತ್ರ ಆಳುಕಾಳು ಎಲ್ಲ ನೋಡಿಕೊಳ್ಳುತ್ತಿದ್ದ ಮುನೀಮರು ನನ್ನ ಮುಂದಿಟ್ಟು, ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದುಕೊಡು, ಗೇಟಿನಲ್ಲಿ ಹಲಗೆ ಹಾಕಿಸಬೇಕು ಅಂದರು. ನನ್ನ ಮೊದಲ ಕೆಲಸ ಅದೇ. ಮೊದಲ ಸಾಲಿಗೇ ಅರ್ಧ ದಿನ ಹಿಡಿಯಿತು. ಹಿಂದಿಯಲ್ಲಿ ಇಜ್ಜತ್ ಎಂದಿತ್ತು. ಗೌರವ ಎಂದು ಬರೆದೆ, ಸಭೆಯ ಮಾತಿನಂತೆ ಕಂಡಿತು. ಮರ್ಯಾದೆ ಎಂದು ಬರೆದೆ, ಅದನ್ನೂ ಹೊಡೆದು ಹಾಕಿದೆ. ಕೊನೆಗೆ, ‘ಇಲ್ಲಿ ದುಡಿಯುವ ಪ್ರತಿಯೊಬ್ಬರ ಮಾನ ಕಾಯುವುದು ಕಂಪನಿಯ ಹೊಣೆ’ ಎಂದು ಬರೆದೆ. ಪೇಂಟರ್ ಅದನ್ನು ಹಳದಿ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಗೇಟಿನ ಪಕ್ಕದ ನಲ್ಲಿಯ ಮೇಲೆ ಮೊಳೆ ಹೊಡೆದ. ಹೋಗುವಾಗ ಬರುವಾಗ ಅದನ್ನು ಓದಿಕೊಂಡು ನಾನೇ ಹಿಗ್ಗುತ್ತಿದ್ದೆ.

ಕಂಪನಿ ಬರೀ ಹಲಗೆ ಹಾಕಿ ಸುಮ್ಮನಾಯಿತು ಎಂದರೆ ಸುಳ್ಳಾಗುತ್ತದೆ. ಸೇಠಜಿಯ ಕಾಲದಲ್ಲಿ ಕುಡಿಯುವ ನೀರಿಗೆ ಎರಡು ಹಂಡೆಗಳಿದ್ದವು. ಎರಡು ಯಾಕೆ ಎಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಂಪನಿ ಬಂದ ಮೇಲೆ ಒಂದೇ ಹಂಡೆ, ಒಂದೇ ಲೋಟ. ಶುರುವಿನಲ್ಲಿ ಕೆಲವು ಹೆಂಗಸರು ಮನೆಯಿಂದ ಚೊಂಬು ತಂದರು. ಬುತ್ತಿಯ ಜೊತೆ ತುಂಬಿದ ಚೊಂಬನ್ನೂ ಹೊತ್ತು ಮೈಲಿಗಟ್ಟಲೆ ನಡೆದು ಬರುವುದು ಎಷ್ಟು ದಿನ ಸಾಗೀತು? ಒಂದೊಂದೇ ಚೊಂಬು ಮನೆಯಲ್ಲಿ ಉಳಿಯಿತು. ಆ ಹಂಡೆಯಲ್ಲಿ ಲೋಟ ಮುಳುಗಿಸಿ ಮೊದಲ ಸಲ ನೀರು ಕುಡಿದಾಗ ನಾನು ನಾಲ್ಕೂ ಕಡೆ ನೋಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಲೋಟ ಬೇಕಿರಲಿಲ್ಲ, ಆದರೂ ಕುಡಿದೆ. ಎಳೆಗೂಸುಗಳಿಗೆ ತೊಟ್ಟಿಲ ಮನೆಯಾಯಿತು, ಹೆಂಗಸರ ಕಕ್ಕಸಿಗೆ ಬಾಗಿಲು ಬಂತು, ಸಿಪ್ಪೆ ಒಡೆಯುವ ಯಂತ್ರದ ಪಟ್ಟಿಗೆ ಸೆರಗು ಸಿಕ್ಕದಂತೆ ಜಾಲರಿ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಪ್ರತಿಯೊಂದಕ್ಕೂ ಮುನೀಮರು ಗೊಣಗಿದರು. ಸೇಠಜಿಯ ಕಾಲದಿಂದಲೂ ಅಲ್ಲೇ ಇದ್ದವರು, ಮಿಲ್ಲೆಂದರೆ ತಾವೇ ಎಂದು ತಿಳಿದವರು. ಆದರೂ ಕೆಲಸಗಳು ಆದವು.

ಇನ್ನು ನನ್ನ ಕೆಲಸ. ಅದನ್ನು ಹೇಳಲು ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ಸೇಠಜಿಯ ಕಾಲದಿಂದ ಒಂದು ಪದ್ಧತಿಯಿತ್ತು. ಬೀಜ ಹಸನು ಮಾಡುವ ಹೆಂಗಸರು ಸಂಜೆ ಹೊರಗೆ ಹೋಗುವಾಗ ಗೇಟಿನ ನಲ್ಲಿಯ ಮುಂದೆ ಸಾಲು ನಿಲ್ಲಬೇಕು. ಒಬ್ಬೊಬ್ಬರೇ ಬಾಯಿಗೆ ನೀರು ತುಂಬಿಕೊಂಡು, ಮುಕ್ಕಳಿಸಿ, ಕೆಳಗೆ ಹಾಸಿದ ಕರಿ ಫರಸಿ ಕಲ್ಲಿನ ಮೇಲೆ ಉಗುಳಬೇಕು. ನೀರು ನೀರಾಗಿಯೇ ಬಿದ್ದರೆ ಮನೆಗೆ ಹೋಗಬಹುದು. ಹಾಲಿನಂತೆ ಬೆಳ್ಳಗಾಗಿ, ನುಚ್ಚಿನ ಜೊತೆ ಬಿದ್ದರೆ ಶೇಂಗಾ ತಿಂದಿದ್ದಾಳೆ ಎಂದರ್ಥ. ತಿಂದವಳಿಗೆ ನಾಳೆಯಿಂದ ಕೆಲಸವಿಲ್ಲ. ಇಷ್ಟು ವರ್ಷ ಆ ಫರಸಿಯ ಪಕ್ಕ ನಿಂತು ನೋಡುತ್ತಿದ್ದವನು ಗೇಟಿನ ಹುಸೇನ್‌ಸಾಬ. ಕಂಪನಿಯ ಪುಸ್ತಕದಲ್ಲಿ ಹೆಂಗಸರ ತಪಾಸಣೆಯನ್ನು ಹೆಂಗಸರೇ ಮಾಡಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾಗಿ ಹುಸೇನ್‌ಸಾಬನನ್ನು ಅಲ್ಲಿಂದ ಸರಿಸಿ ನನ್ನನ್ನು ತಂದರು. ಮಹಿಳಾ ಮೇಲ್ವಿಚಾರಕಿ ಎಂದು ನೇಮಕದ ಕಾಗದದಲ್ಲಿತ್ತು. ಅಪ್ಪ ಆ ಕಾಗದವನ್ನು ಮಲ್ಲಟದ ತುಂಬ ತೋರಿಸಿಕೊಂಡು ಬಂದಿದ್ದ.

ಮೊದಲ ಸಂಜೆ ಹುಸೇನ್‌ಸಾಬ ತನ್ನ ಸ್ಟೂಲನ್ನು ಎತ್ತಿ ಫರಸಿಯ ಪಕ್ಕ ನನಗಾಗಿ ಇಟ್ಟ. ‘ಹದಿನೆಂಟು ವರ್ಸ ಹೆಣ್ಮಕ್ಳ ಉಗುಳ ನೋಡೀನಿ ಬೇಟಿ. ಮನಿಗೆ ಹೋಗಿ ಅದೇ ಕಣ್ಣಿಲೆ ನನ್ನ ಮಕ್ಕಳ ಮಕ ನೋಡೀನಿ. ಇನ್ನ ನೀ ನೋಡು’ ಅಂದ. ಅವನ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವನ ಸಮಾಧಾನವಿತ್ತು. ಆ ಹೊರೆ ಎಲ್ಲಿಗೆ ಬಂತು ಎಂದು ನಾನು ಯೋಚಿಸಲಿಲ್ಲ. ಊರಿಗೆ ಹೋದಾಗ ಹಲಗೆಯ ಬಗ್ಗೆ ಹೇಳುತ್ತಿದ್ದೆ, ಒಂದೇ ಹಂಡೆಯ ಬಗ್ಗೆ ಹೇಳುತ್ತಿದ್ದೆ. ಫರಸಿಯ ಬಗ್ಗೆ ಮಾತ್ರ ಯಾರಿಗೂ ಹೇಳಲಿಲ್ಲ.

ಈ ಪದ್ಧತಿಯಿಂದಾಗಿ ಒಂದು ವಿಚಿತ್ರ ನಡೆಯುತ್ತಿತ್ತು. ನಮ್ಮ ಕಡೆ ರೊಟ್ಟಿ ಇದ್ದ ಮೇಲೆ ಶೇಂಗಾ ಚಟ್ನಿ ಇರಲೇಬೇಕು. ಬಡವರ ಮನೆಯಲ್ಲೂ ಕುಟ್ಟಿಟ್ಟ ಒಂದು ಡಬ್ಬಿ ಇರುತ್ತದೆ. ಆದರೆ ಮಿಲ್ಲಿಗೆ ಬರುವ ಹೆಂಗಸರ ಬುತ್ತಿಯಲ್ಲಿ ಸುಗ್ಗಿ ಮುಗಿಯುವವರೆಗೆ ಶೇಂಗಾ ಕಾಣುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಒಂದು ಚೂರು ಉಳಿದರೂ ಸಂಜೆ ಅದನ್ನು ಮನೆಯದು ಎಂದು ಸಾಧಿಸುವುದು ಹೇಗೆ? ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಇಲ್ಲವೇ ಬರೀ ಹಸಿಮೆಣಸಿನಕಾಯಿ. ಶೇಂಗಾದ ರಾಶಿಯ ನಡುವೆ ಹಗಲೆಲ್ಲ ಕೂತು, ಶೇಂಗಾದ ಧೂಳು ಕುಡಿದು, ಆ ಹೆಂಗಸರು ಶೇಂಗಾ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತಿದ್ದರು. ಆಫೀಸಿನಲ್ಲಿ ಕೂತು ಉಣ್ಣುವ ನಮಗೆ ಈ ಕಟ್ಟು ಇರಲಿಲ್ಲ. ನನ್ನ ಡಬ್ಬಿಯಲ್ಲಿ ದಿನವೂ ಅತ್ತೆ ಕುಟ್ಟಿದ ಶೇಂಗಾ ಚಟ್ನಿ ಇರುತ್ತಿತ್ತು.

ದುರುಗವ್ವ ಆ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವಳು. ದೇವದುರ್ಗದ ಕಡೆಯವಳು, ಕುರಿ ಕಾಯುವ ಮನೆತನ. ವಯಸ್ಸು ನಲವತ್ತರ ಹತ್ತಿರ. ಪ್ರತಿ ಸುಗ್ಗಿಗೂ ತನ್ನೂರಿನ ಏಳು ಹೆಂಗಸರನ್ನು ಕಟ್ಟಿಕೊಂಡು ಬಂದು, ಮಿಲ್ಲಿನ ಹಿಂದಿನ ಬಯಲಿನಲ್ಲಿ ಜೋಪಡಿ ಹಾಕಿಕೊಂಡು ಇರುತ್ತಿದ್ದಳು. ಅವಳ ಮಾತಿನ ಮೇಲೆ ಆ ಏಳು ಮನೆಯವರು ಹೆಣ್ಣುಮಕ್ಕಳನ್ನು ಪರಊರಿಗೆ ಕಳಿಸುತ್ತಿದ್ದರು. ಮೊರದಲ್ಲಿ ಬೀಜ ಕೇರುವಾಗ ಅವಳ ಕೈ ಕಾಣುತ್ತಲೇ ಇರಲಿಲ್ಲ, ಕಲ್ಲು ತಾನೇ ದಾರಿ ಬಿಟ್ಟು ಸರಿದ ಹಾಗೆ ಕಾಣುತ್ತಿತ್ತು. ಫರಸಿಯ ಮುಂದೆ ಬಂದರೆ ಮಾತ್ರ ಅವಳ ಮುಖ ಬೇರೆಯಾಗುತ್ತಿತ್ತು. ಉಗುಳುವಾಗ ಅವಳು ಫರಸಿ ನೋಡುತ್ತಿರಲಿಲ್ಲ, ನನ್ನ ಕಣ್ಣು ನೋಡುತ್ತಿದ್ದಳು. ಎರಡು ವಾರ ಕಳೆಯುವಷ್ಟರಲ್ಲಿ ನನಗೆ ಮಧ್ಯಾಹ್ನದಿಂದಲೇ ಸಂಕಟ ಶುರುವಾಗುತ್ತಿತ್ತು. ಕೂತಲ್ಲಿ ಕೂರಲಾರೆ. ತೊಟ್ಟಿಲ ಮನೆಗೆ ಹೋಗುತ್ತಿದ್ದೆ, ಹಂಡೆಯಲ್ಲಿ ನೀರಿದೆಯೇ ಎಂದು ನೋಡುತ್ತಿದ್ದೆ, ಸುಮ್ಮನೆ ಗೋದಾಮಿನ ಸುತ್ತ ತಿರುಗುತ್ತಿದ್ದೆ. ಮೂಡಣ ಗಾಳಿ ಎದ್ದು ಹೊಟ್ಟು ಹಾರಿ ಕಣ್ಣು, ಮೂಗು, ತಲೆಗೂದಲು ಎಲ್ಲ ಕೆಂಪು ಧೂಳು. ಆ ಧೂಳೇ ಮೈಯೊಳಗೆ ಹೊಕ್ಕು ಕೆರೆಯುತ್ತಿದೆ ಅನ್ನಿಸುತ್ತಿತ್ತು.

ಒಂದು ದಿನ ಒಂದರ ಹಿಂದೊಂದು ನಾಲ್ಕು ಲಾರಿ ಮಾಲು ಬಂತು. ದುರುಗವ್ವನ ಗುಂಪಿಗೆ ಮಧ್ಯಾಹ್ನ ಉಣ್ಣಲು ಬಿಡುವು ಸಿಗಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ, ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ನಾನೂ ಅಂದು ಉಂಡಿರಲಿಲ್ಲ. ಆಫೀಸಿಗೆ ಹೋಗುವ ಬದಲು ಡಬ್ಬಿ ಹಿಡಿದುಕೊಂಡು ಅವರ ಬಳಿ ಹೋಗಿ ಕೂತೆ. ದುರುಗವ್ವನ ಬುತ್ತಿಯನ್ನು ಬೆಳಿಗ್ಗೆಯೇ ನಾಯಿ ಎಳೆದಿತ್ತು. ಉಳಿದವರು ಅರ್ಧರ್ಧ ರೊಟ್ಟಿ ಮುರಿದು ಕೊಡುತ್ತಿದ್ದರು. ನಾನೂ ಒಂದು ರೊಟ್ಟಿ ಚಾಚಿದೆ. ಚಾಚಿದ ಮೇಲೆ ಏನು ಮಾಡಿದೆ ಎಂದು ಹೊಳೆಯಿತು. ನಾನು ಯಾರ ಮಗಳು, ಯಾವ ಕೇರಿಯವಳು ಎಂಬುದು ಅವಳಿಗೆ ಗೊತ್ತಿತ್ತು. ನಮ್ಮ ಮನೆಯ ರೊಟ್ಟಿಯನ್ನು ಅವರ ಮನೆಯ ಹೆಂಗಸರು ಮುಟ್ಟುವ ಕಾಲ ಅದಾಗಿರಲಿಲ್ಲ. ಮರದ ಕೆಳಗೆ ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ದುರುಗವ್ವ ಒಂದು ಗಳಿಗೆ ನನ್ನನ್ನು ನೋಡಿ, ಕೈ ಚಾಚಿ ತೆಗೆದುಕೊಂಡಳು. ಮುರಿದು ಬಾಯಿಗಿಟ್ಟಳು.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಂಪನಿಯ ಪುಸ್ತಕ ಒಂದೇ ಹಂಡೆ ಇಡಿಸಬಹುದು, ಇದನ್ನು ಯಾವ ಪುಸ್ತಕವೂ ಮಾಡಿಸಲಾರದು. ಆ ಖುಷಿಯಲ್ಲಿ ಡಬ್ಬಿಯ ತಳದಲ್ಲಿದ್ದ ಚಟ್ನಿಯನ್ನೆಲ್ಲ ಅವಳ ರೊಟ್ಟಿಯ ಮೇಲೆ ಸುರಿದೆ. ಅವಳು ಕೈ ಅಡ್ಡ ಹಿಡಿದಳು. ‘ಬ್ಯಾಡ್ರಿ ಅಕ್ಕೋರ, ಶೇಂಗಾದು ಅದು’ ಅಂದಳು.

‘ನೋಡಾಕಿ ನಾನೇ ಅಲ್ಲೇನು? ತಿನ್ನು’ ಅಂದೆ.

ಅವಳು ನಕ್ಕಳು. ಆ ಸುಗ್ಗಿಯಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ. ಬೆರಳು ಚೀಪಿ ತಿಂದಳು.

ಅರ್ಧ ಗಂಟೆಯಲ್ಲಿ ಕೆಲಸ ಬಿಡುವ ಶಿಳ್ಳೆ ಆಯಿತು. ನಾನು ಸ್ಟೂಲಿನ ಬಳಿ ಹೋದರೆ ಅಲ್ಲಿ ಮುನೀಮರು ನಿಂತಿದ್ದರು. ಮುಂಬಯಿಯಿಂದ ಸಾಹೇಬರು ಬರುವವರಿದ್ದಾರೆ, ಹಲಗೆಯ ಮೇಲಿನ ಧೂಳು ಒರೆಸಬೇಕು, ಗೋಡೆಗೆ ಸುಣ್ಣ ಆಗಬೇಕು ಎಂದು ಹುಸೇನ್‌ಸಾಬನಿಗೆ ಹೇಳುತ್ತಿದ್ದರು. ಸಾಲು ಬಂದು ನಿಂತಿತು. ಎಂದಿನಂತೆ ದುರುಗವ್ವ ಮೊದಲು. ಅವಳು ಮುನೀಮರನ್ನು ನೋಡಿದಳು, ನನ್ನನ್ನು ನೋಡಿದಳು. ಹಿಂದೆ ಸರಿಯಲು ಜಾಗವಿರಲಿಲ್ಲ. ಎರಡು ಸಲ ಜೋರಾಗಿ ಮುಕ್ಕಳಿಸಿ ನುಂಗಲು ನೋಡಿದಳು. ಮುನೀಮರು, ಉಗುಳು ಅಂದರು. ಉಗುಳಿದಳು. ಕರಿ ಕಲ್ಲಿನ ಮೇಲೆ ಬೆಳ್ಳನೆಯ ನುಚ್ಚು ಬಿತ್ತು.

ಮುನೀಮರು ನನ್ನ ಕಡೆ ತಿರುಗಿ, ಏನಿದು ಎಂದು ಕೇಳಿದರು. ಕೇಳಿದ್ದು ನನ್ನನ್ನು. ಹೇಳಲು ಇದ್ದದ್ದು ಒಂದೇ ಮಾತು, ನನ್ನ ಡಬ್ಬಿಯದು ಎಂದು. ಹೇಳಿದರೆ ಆ ಸಂಜೆಯೇ ನನ್ನನ್ನು ಕೆಲಸದಿಂದ ಕಳಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಅಪ್ಪ ಊರ ತುಂಬ ಹಿಡಿದುಕೊಂಡು ತಿರುಗಿದ ಆ ಕಾಗದ ಕಣ್ಣ ಮುಂದೆ ಬಂತು. ದುರುಗವ್ವ ಕಾದಳು. ನಾನು ಹೇಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗುವಷ್ಟು ಹೊತ್ತು ಕಾದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ‘ಹೌದ್ರಿ, ತಿಂದೀನಿ’ ಅಂದಳು.

ಮುನೀಮರು ಸಾಲಿನ ತುದಿಯವರೆಗೆ ಕೇಳುವಂತೆ ಅವಳನ್ನು ಕಳ್ಳಿ ಎಂದು ಕರೆದರು. ಗುಂಪು ಕಟ್ಟಿಕೊಂಡು ಬರುವವಳೇ ಕಳ್ಳಿಯಾದರೆ ಉಳಿದವರ ಗತಿ ಏನು ಅಂದರು. ರಾತ್ರಿ ಆಗುವ ಮೊದಲೇ ಜೋಪಡಿ ಕಿತ್ತುಕೊಂಡು ಹೋಗು ಅಂದರು. ಏಳು ಹೆಂಗಸರಿಗೂ ಆ ಚಟ್ನಿ ಯಾರದು ಎಂದು ಗೊತ್ತಿತ್ತು. ಒಬ್ಬಳೂ ತುಟಿ ಬಿಚ್ಚಲಿಲ್ಲ. ನಾನೇ ಬಿಚ್ಚದಿರುವಾಗ ಅವರು ಯಾಕೆ ಬಿಚ್ಚಬೇಕು? ದುರುಗವ್ವ ಗಂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಒಂದು ಮಿಲ್ಲಿನ ಗೇಟಿನಲ್ಲಿ ಹುಟ್ಟಿದ ಮಾತು ಎರಡೇ ದಿನದಲ್ಲಿ ಎಲ್ಲ ಮಿಲ್ಲುಗಳಿಗೂ ಮುಟ್ಟುತ್ತಿತ್ತು. ರಾಯಚೂರಿನಲ್ಲಿ ಇನ್ನು ಯಾರೂ ಅವಳನ್ನು ಕರೆಯುವುದಿಲ್ಲ ಎಂದು ಹುಸೇನ್‌ಸಾಬ ಹೇಳಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಲ್ಲಿನಲ್ಲಿ ಯಾರು ಯಾವ ಮಾತಿಗೆ ಕಳ್ಳತನ ಎಂದರೂ ನನ್ನ ಕೈ ಬಾಯಿಗೆ ಹೋಗುತ್ತಿತ್ತು. ಅತ್ತೆಗೆ ಚಟ್ನಿ ಬೇಡ ಎಂದೆ, ಕಾರಣ ಕೇಳಿದರೆ ಸಿಡುಕಿದೆ. ಗೋಡೆಗೆ ಸುಣ್ಣ ಹಚ್ಚಿ ಆಯಿತು, ಹಲಗೆ ಒರೆಸಿ ಆಯಿತು. ನನ್ನ ಕೆಂಪಕ್ಷರಗಳು ದೂರದಿಂದಲೇ ಕಾಣುತ್ತಿದ್ದವು. ಅವುಗಳ ಕೆಳಗೆ ಕೂತು ದಿನವೂ ಉಗುಳು ನೋಡುತ್ತಿದ್ದೆ. ದುರುಗವ್ವನ ಏಳು ಹೆಂಗಸರು ಸಾಲಿನ ಮುಂದೆ ಬರುವುದನ್ನು ಬಿಟ್ಟು ಕೊನೆಗೆ ನಿಲ್ಲುತ್ತಿದ್ದರು.

ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಹೋಗಿ ಏನು ಹೇಳುವುದು ಎಂದು ಗೊತ್ತಿರಲಿಲ್ಲ, ರಾಯಚೂರಿನಲ್ಲಿ ಇರಲು ಆಗುತ್ತಿರಲಿಲ್ಲ, ಅಷ್ಟೇ. ದೇವದುರ್ಗದಲ್ಲಿಳಿದು, ಕೇಳಿಕೊಂಡು, ಎರೆ ಹೊಲಗಳ ನಡುವೆ ನಡೆದೆ. ಅವಳ ಊರಿನ ಹೊರಗೆ ಹತ್ತಿ ಬಿಡಿಸುವವರ ನಡುವೆ ಅವಳೂ ಇದ್ದಳು. ಉಳಿದವರಿಂದ ನಾಲ್ಕು ಸಾಲು ದೂರದಲ್ಲಿ ಒಬ್ಬಳೇ ಬಿಡಿಸುತ್ತಿದ್ದಳು. ಆ ದೂರ ಯಾಕೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಕಳ್ಳಿ ಎಂಬ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಬಂದು ಇಳಿದಿತ್ತು.

ನಾನು ನಿಂತು ಅತ್ತೆ. ತಪ್ಪಾಯಿತು ಅಂದೆ, ಹೆದರಿದೆ ಅಂದೆ, ಅಪ್ಪನ ಹೆಸರು ಹೇಳಿದೆ. ಅವಳು ಹತ್ತಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನನ್ನದು ಮುಗಿಯುವವರೆಗೆ ಕೇಳಿಸಿಕೊಂಡು, ತನ್ನ ಗುಂಪಿನ ಹೆಂಗಸರು ಹೇಗಿದ್ದಾರೆ, ಒಬ್ಬಳ ಕೂಸಿಗೆ ಜ್ವರವಿತ್ತಲ್ಲ ಇಳಿಯಿತೇ ಎಂದು ಕೇಳಿದಳು. ಇಳಿಯಿತು ಅಂದೆ.

‘ಇನ್ನೂ ಉಗುಳಾಕತ್ತಾರೇನು?’

ಹೌದು ಅಂದೆ.

ಆಗ ಅವಳು ಕೈ ನಿಲ್ಲಿಸಿದಳು. ಅಲ್ಲಿ ನನ್ನನ್ನು ಅಕ್ಕೋರ ಎನ್ನಲಿಲ್ಲ. ‘ತಂಗಿ, ನಿನ್ನ ರೊಟ್ಟಿ ತಿಂದೀನಂತ ನನಗ ಬ್ಯಾಸರಿಲ್ಲ. ನೋಡಾಕಿ ನಾನೇ ಅಂದಿ, ಆ ಮಾತು ನಂಬಿ ತಿಂದೆ. ನನಗ ಕಳ್ಳಿ ಅಂದದ್ದು ಗೇಟಿನ್ಯಾಗ, ನೂರು ಮಂದಿ ಮುಂದ. ನೀ ಇಲ್ಲಿ ಹೊಲದಾಗ ಬಂದು ಅತ್ರ ಅದು ಅಳಿಸಿ ಹೋಗ್ತದೇನು?’

ಅವಳು ಮತ್ತೆ ಗಿಡಕ್ಕೆ ಬಾಗಿದಳು. ಬಿಸಿಲು ಇಳಿಯುವ ಮೊದಲು ಹೋಗು, ಆಮೇಲೆ ಬಸ್ಸಿಲ್ಲ ಅಂದಳು.

ಮುಂಬಯಿಯ ಸಾಹೇಬರು ಬಂದದ್ದು ಆ ವಾರವೇ. ಬಿಳಿಗೂದಲಿನ, ಸಣ್ಣ ಮೈಯ, ಮೆತ್ತನೆ ಮಾತಿನ ಮನುಷ್ಯ. ಕೈಯಲ್ಲಿ ಅಚ್ಚಾದ ಪ್ರಶ್ನೆಗಳ ಹಾಳೆಗಳು. ತೊಟ್ಟಿಲ ಮನೆಯಲ್ಲಿ ತಾವೇ ಒಂದು ತೊಟ್ಟಿಲು ತೂಗಿ ಹಗ್ಗ ಗಟ್ಟಿಯಿದೆಯೇ ನೋಡಿದರು. ಹಂಡೆಯ ನೀರನ್ನು ಅದೇ ಲೋಟದಲ್ಲಿ ಕುಡಿದರು. ಅವರನ್ನು ಕಂಡರೆ ಸಿಟ್ಟು ಬರುವಂತಿರಲಿಲ್ಲ, ಅದೇ ನನಗೆ ಕಷ್ಟವಾಗಿತ್ತು. ಕೊನೆಗೆ ಆಫೀಸಿನಲ್ಲಿ ನನ್ನನ್ನು ಕೂರಿಸಿ ಹೆಂಗಸರ ಬಗೆಗಿನ ಪ್ರಶ್ನೆಗಳನ್ನು ಹಿಂದಿಯಲ್ಲಿ ಓದಿದರು. ಕಕ್ಕಸಿಗೆ ಬಾಗಿಲಿದೆಯೇ? ಇದೆ. ಹಾಲೂಡಲು ಬಿಡುತ್ತಾರೆಯೇ? ಬಿಡುತ್ತಾರೆ. ಹೆಂಗಸರ ತಪಾಸಣೆಯನ್ನು ಗಂಡಸರು ಮಾಡುತ್ತಾರೆಯೇ? ಇಲ್ಲ. ಪ್ರತಿ ಉತ್ತರಕ್ಕೂ ಒಂದು ಗುರುತು ಹಾಕಿದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಪ್ರಶ್ನೆಗಳು ಮುಗಿದವು, ಫರಸಿಯ ಬಗ್ಗೆ ಒಂದೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುನೀಮರು ಚಹಾ ತರಿಸಲು ಹೊರಟರು.

ನನ್ನ ಡಬ್ಬಿ ಕಿಟಕಿಯಲ್ಲಿತ್ತು. ಆ ಬೆಳಿಗ್ಗೆ ಅತ್ತೆಗೆ ಹೇಳಿ ಶೇಂಗಾ ಚಟ್ನಿ ಹಾಕಿಸಿಕೊಂಡು ಬಂದಿದ್ದೆ. ಇದನ್ನೇ ಮಾಡಬೇಕು ಎಂದು ಯೋಚಿಸಿ ತಂದೆನೇ ಎಂದರೆ ಇಂದಿಗೂ ಖಚಿತವಾಗಿ ಹೇಳಲಾರೆ. ಸಾಹೇಬರ ಎದುರಿಗೇ ಡಬ್ಬಿ ತೆರೆದು ಒಂದು ಚೂರು ರೊಟ್ಟಿ, ಒಂದು ಹಿಡಿ ಚಟ್ನಿ ಬಾಯಿಗೆ ಹಾಕಿಕೊಂಡೆ. ಅವರು ಬೆರಗಾಗಿ ನೋಡಿದರು. ಅಗಿಯುತ್ತಲೇ, ಒಂದು ನಿಮಿಷ ಬನ್ನಿ ಎಂದು ಕೈ ಸನ್ನೆ ಮಾಡಿ ಗೇಟಿಗೆ ನಡೆದೆ. ನಲ್ಲಿ ತಿರುಗಿಸಿ, ಬಾಯಿ ತುಂಬ ನೀರು ಹಿಡಿದು, ಮುಕ್ಕಳಿಸಿ, ಅವರ ಬೂಟಿನ ಎದುರಿಗೇ ಫರಸಿಯ ಮೇಲೆ ಉಗುಳಿದೆ.

ಆಮೇಲೆ ಹೇಳಿದೆ. ಇಲ್ಲಿ ದಿನವೂ ನೂರು ಹೆಂಗಸರು ಹೀಗೆ ಉಗುಳುತ್ತಾರೆ, ಅದನ್ನು ನೋಡುವುದಕ್ಕೇ ಕಂಪನಿ ನನ್ನನ್ನು ಇಟ್ಟಿದೆ, ಇದು ನನ್ನ ಮನೆಯ ಶೇಂಗಾ, ಇದೇ ಶೇಂಗಾವನ್ನು ನನ್ನ ಕೈಯಿಂದ ತಿಂದು ಒಬ್ಬ ಹೆಣ್ಣುಮಗಳು ಕಳ್ಳಿಯಾಗಿ ಹೋದಳು, ನಾನು ಸುಮ್ಮನೆ ನಿಂತಿದ್ದೆ ಅಂದೆ. ಹಿಂದಿ, ಉರ್ದು, ಕನ್ನಡ ಎಲ್ಲ ಕಲಸಿ ಹೋಯಿತು. ಚಹಾದ ಕೆಟಲಿನ ಜೊತೆ ಬಂದ ಮುನೀಮರು, ಇವಳಿಗೆ ತಲೆ ಸರಿಯಿಲ್ಲ ಅಂದರು. ಸಾಹೇಬರು ಫರಸಿಯನ್ನೇ ನೋಡುತ್ತ ನಿಂತರು. ನಂತರ ತಲೆಯೆತ್ತಿ ಹಲಗೆ ನೋಡಿದರು. ಅಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಓದಿ ಹೇಳಿದೆ. ಹಾಳೆಗಳಲ್ಲಿ ಜಾಗವಿರಲಿಲ್ಲವೇನೋ, ಕೊನೆಯ ಹಾಳೆಯ ಬೆನ್ನಿಗೆ ಬಹಳ ಹೊತ್ತು ಬರೆದುಕೊಂಡರು.

ಮೂರು ವಾರ ಏನೂ ಆಗಲಿಲ್ಲ. ಮುನೀಮರು ನನ್ನೊಡನೆ ಮಾತು ಬಿಟ್ಟರು. ಹೋಗು ಎಂದೂ ಹೇಳಲಿಲ್ಲ, ಮುಂಬಯಿಯಿಂದ ಏನು ಬರುತ್ತದೋ ಎಂದು ಅವರಿಗೂ ಅಂಜಿಕೆ. ಸಂಜೆಯ ಸಾಲು ನಡೆದೇ ಇತ್ತು. ಕೊನೆಗೆ ಕಾಗದ ಬಂತು. ಬಾಯಿ ಪರೀಕ್ಷೆಯನ್ನು ಕೂಡಲೇ ನಿಲ್ಲಿಸುವುದು, ನಲ್ಲಿಯ ಕೆಳಗಿನ ಫರಸಿ ಕಿತ್ತು ಹಾಕುವುದು, ತೆಗೆದ ಹೆಣ್ಣಾಳನ್ನು ಮರಳಿ ಕರೆಯುವುದು. ಕೊನೆಯಲ್ಲಿ ಇನ್ನೊಂದು ಸಾಲು. ತಪಾಸಣೆ ಇಲ್ಲವಾದ್ದರಿಂದ ಮಹಿಳಾ ಮೇಲ್ವಿಚಾರಕಿಯ ಹುದ್ದೆಯೂ ಈ ಸುಗ್ಗಿಯ ಕೊನೆಗೆ ಮುಗಿಯುವುದು. ಮುನೀಮರು ಆ ಸಾಲನ್ನು ಮಾತ್ರ ಎರಡು ಸಲ ಓದಿದರು.

ದುರುಗವ್ವನನ್ನು ಕರೆತರಲು ಹುಸೇನ್‌ಸಾಬ ತಾನೇ ದೇವದುರ್ಗಕ್ಕೆ ಹೋಗಿ ಬಂದ. ಬರುತ್ತಾಳಂತೆ, ಆದರೆ ಗೇಟಿನ ಒಳಗೆ ಕಾಲಿಡುವ ಮೊದಲು ಅಕ್ಕೋರು ಒಂದು ಮಾತು ಹೇಳಬೇಕಂತೆ ಅಂದ. ಯಾವ ಮಾತು ಎಂದು ನಾನು ಕೇಳಬೇಕಿರಲಿಲ್ಲ.

ಅವಳು ಬಂದ ಬೆಳಿಗ್ಗೆ ಹೆಂಗಸರೆಲ್ಲ ಗೇಟಿನ ಹೊರಗೆ ಕೂಡಿದ್ದರು. ಅವಳು ಗಂಟನ್ನು ಕಂಕುಳಲ್ಲಿ ಹಿಡಿದು ಎಲ್ಲರ ಮುಂದೆ ನಿಂತಳು. ನಾನು ಸ್ಟೂಲಿನ ಮೇಲೆ ಹತ್ತಿದೆ. ಹುಸೇನ್‌ಸಾಬ ಸ್ಟೂಲನ್ನು ಹಿಡಿದುಕೊಂಡ. ‘ಆವತ್ತು ದುರುಗವ್ವನ ಬಾಯಾಗ ಇದ್ದ ಶೇಂಗಾ ಮಿಲ್ಲಿಂದಲ್ಲ. ನನ್ನ ಡಬ್ಬಿದು. ಆಕಿ ಬ್ಯಾಡಂದ್ರೂ ನಾನೇ ಹಾಕೀನಿ. ಕೇಳಿದಾಗ ಹೇಳಲಿಲ್ಲ. ಆಕಿ ಕಳ್ಳಿ ಅಲ್ಲ’ ಅಂದೆ. ನನ್ನ ದನಿ ಸಾಲದೆ ಹಿಂದಿದ್ದವರು ಏನಂತ ಏನಂತ ಎಂದು ಕೇಳಿದರು. ಇನ್ನೊಮ್ಮೆ ಜೋರಾಗಿ ಹೇಳಿದೆ. ದುರುಗವ್ವ ಆಯಿತು ಎಂಬಂತೆ ತಲೆಯಾಡಿಸಿ ಒಳಗೆ ಹೋದಳು. ಮೊರ ಹಿಡಿದು ಕೂತಳು. ಎದೆಯ ಮೇಲಿನ ಕಲ್ಲು ಇಳಿದಂತೆ ಅನ್ನಿಸಿ ಆ ದಿನವೆಲ್ಲ ನಾನು ಗಾಳಿಯಲ್ಲಿ ತೇಲಾಡಿದೆ. ಕೆಲಸ ಹೋಗುವ ಚಿಂತೆಯೂ ಹತ್ತಿರ ಸುಳಿಯಲಿಲ್ಲ.

ಸಂಜೆ ಶಿಳ್ಳೆಯಾಯಿತು. ಫರಸಿ ಕಿತ್ತ ಜಾಗದಲ್ಲಿ ಹಸಿ ಮಣ್ಣಿತ್ತು. ಹೆಂಗಸರು ಬಂದರು. ಯಾರೂ ಹೇಳಿರಲಿಲ್ಲ, ಆದರೂ ನಲ್ಲಿಯ ಮುಂದೆ ಬಂದ ಕೂಡಲೇ ಒಬ್ಬರ ಹಿಂದೊಬ್ಬರು ಸಾಲಾದರು. ಇಬ್ಬರು ಮೂವರು ನೀರು ಹಿಡಿದು ಮುಕ್ಕಳಿಸಿಯೂ ಬಿಟ್ಟರು. ಆಮೇಲೆ ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಸಾಲು ಒಡೆಯಿತು. ಮಾತಾಡುತ್ತ, ಸೆರಗು ಕೊಡವುತ್ತ ಗುಂಪುಗುಂಪಾಗಿ ನನ್ನ ಮುಂದೆ ಹಾದು ಹೋದರು. ನಾನು ನಗುನಗುತ್ತ ನಿಂತಿದ್ದೆ.

ದುರುಗವ್ವ ಕೊನೆಗೆ ಬಂದಳು. ಏನಾದರೂ ಹೇಳುತ್ತಾಳೆ ಎಂದು ಕಾದೆ. ತಂಗಿ ಅಂದರೆ ಸಾಕು ಎಂದು ಒಳಗೊಳಗೇ ಆಸೆ. ಅವಳು ನನ್ನ ಎದುರಿಗೆ ನಿಂತು, ನನ್ನ ಕಣ್ಣನ್ನೇ ನೋಡಿದಳು.

‘ಅಕ್ಕೋರ, ಇನ್ನೂ ನಮ್ಮ ಬಾಯಿನೇ ನೋಡಾಕತ್ತೀರಿ’ ಅಂದಳು.

ಹೌದು, ನೋಡುತ್ತಿದ್ದೆ. ಹಾದು ಹೋದ ಒಬ್ಬೊಬ್ಬರದ್ದೂ ನೋಡಿದ್ದೆ.